ಗುಡಿಯ ಕೆಳಗಿನ ನೆಲ ಯಾರ ಹೆಸರಿನಲ್ಲಿದೆ? ಮಲೇಷ್ಯಾದ ದೇವಸ್ಥಾನ ವಿವಾದಗಳ ಒಳಸುಳಿ

ಕ್ವಾಲಾಲಂಪುರದ ನಡುಮಧ್ಯದಲ್ಲಿರುವ ಕಾಳಿ ಗುಡಿಯನ್ನು ತೆರವು ಮಾಡಿ ಆ ಜಾಗದಲ್ಲಿ ಮಸೀದಿ ಕಟ್ಟುತ್ತಾರೆ ಎಂಬ ಸುದ್ದಿ 2025ರ ಮಾರ್ಚ್‌ನಲ್ಲಿ ಭಾರತದ ಪತ್ರಿಕೆಗಳಿಗೂ ಬಂತು. ಜಾಲನ್ ಮಸೀದಿ ಇಂಡಿಯಾ ಎಂಬ ಬೀದಿಯ ಬಳಿ ಇರುವ ದೇವಿ ಶ್ರೀ ಪತ್ರಕಾಳಿ ಅಮ್ಮನ್ ದೇವಸ್ಥಾನ ಅದು. 130 ವರ್ಷ ಹಳೆಯದು ಎಂದು ಭಕ್ತರು ಹೇಳುತ್ತಾರೆ. ಗದ್ದಲ ಎದ್ದ ಕೆಲವೇ ದಿನಗಳಲ್ಲಿ ಗುಡಿಗೆ ಸುಮಾರು 50 ಮೀಟರ್ ದೂರದಲ್ಲಿ ಬದಲಿ ಜಾಗ ಸಿಕ್ಕಿತು. ಮಾರ್ಚ್ 27ರಂದು ಪ್ರಧಾನಿ ಅನ್ವರ್ ಇಬ್ರಾಹಿಂ ಮಸೀದಿಯ ಶಂಕುಸ್ಥಾಪನೆಯಲ್ಲಿ ಪಾಲ್ಗೊಂಡರು. ದೇವಸ್ಥಾನದ ಸಮಿತಿ ಸ್ಥಳಾಂತರಕ್ಕೆ ಒಪ್ಪಿಕೊಂಡಿತ್ತು, ಅದರ ಖರ್ಚನ್ನು ಮಸೀದಿ ಕಟ್ಟಿಸುವ ಕಂಪನಿಯೇ ಹೊತ್ತುಕೊಂಡಿತ್ತು.

ಎಲ್ಲರೂ ಒಪ್ಪಿದ ಮೇಲೂ ಎರಡೂ ಕಡೆಯವರ ಸಿಟ್ಟು ಇಳಿಯಲಿಲ್ಲ. ದೂರದಿಂದ ಸುದ್ದಿ ಓದುವವರಿಗೆ ಗೊಂದಲವಾಗುವುದು ಇಲ್ಲೇ. ಗುಡಿಯನ್ನು ಒಡೆದರೋ ಉಳಿಸಿದರೋ? ಅದು ಅಕ್ರಮ ಕಟ್ಟಡವೋ ಪುರಾತನ ದೇವಸ್ಥಾನವೋ? ‘ಮುಸ್ಲಿಂ ದೇಶದಲ್ಲಿ ಹಿಂದೂ ಗುಡಿಗೆ ಕುತ್ತು’ ಎಂಬ ಒಂದು ಸಾಲಿನಲ್ಲಿ ಇದನ್ನು ಮುಗಿಸಿಬಿಟ್ಟರೆ, ಇಂಥದೇ ಜಗಳ ಆ ದೇಶದಲ್ಲಿ ಕೆಲವು ವರ್ಷಕ್ಕೊಮ್ಮೆ ಏಕೆ ಮರುಕಳಿಸುತ್ತದೆ ಎಂಬುದು ತಿಳಿಯುವುದೇ ಇಲ್ಲ. ಅದನ್ನು ತಿಳಿಯಬೇಕಾದರೆ ದೇವರಿಗಿಂತ ಮೊದಲು ಭೂದಾಖಲೆಯನ್ನು ನೋಡಬೇಕು.

ಆ ಬೀದಿಯಲ್ಲಿ ನಡೆದದ್ದು

ಜಾಲನ್ ಮಸೀದಿ ಇಂಡಿಯಾ ಹಳೆಯ ವ್ಯಾಪಾರದ ಬೀದಿ. ಭಾರತದಿಂದ ಹೋದ ಮುಸ್ಲಿಂ ವರ್ತಕರು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಮಸೀದಿಯಿಂದ ಅದಕ್ಕೆ ಆ ಹೆಸರು ಬಂದಿದೆ. ಬಟ್ಟೆ ಅಂಗಡಿ, ಹೂವಿನ ಅಂಗಡಿ, ಚಿನ್ನದ ಅಂಗಡಿ, ಮಲಯ ಭಾಷೆಯಷ್ಟೇ ಧಾರಾಳವಾಗಿ ಕೇಳಿಬರುವ ತಮಿಳು, ಇವು ಅಲ್ಲಿನ ನಿತ್ಯದ ನೋಟ. ಅಂದರೆ ವಿವಾದ ಹುಟ್ಟಿದ್ದು ಹಿಂದೂಗಳೂ ಮುಸ್ಲಿಮರೂ ಒಬ್ಬರನ್ನೊಬ್ಬರು ಅರಿಯದ ಊರಿನಲ್ಲಿ ಅಲ್ಲ, ಒಬ್ಬರ ಅಂಗಡಿಗೆ ಇನ್ನೊಬ್ಬರು ದಿನವೂ ಹೋಗಿಬರುವ ಪೇಟೆಯಲ್ಲಿ.

ಗುಡಿ ನಿಂತಿದ್ದ ಜಾಗ ನಗರಾಡಳಿತದ್ದಾಗಿತ್ತು. 2014ರಲ್ಲಿ ನಗರಾಡಳಿತ ಅದನ್ನು ಜೇಕಲ್ ಎಂಬ ಜವಳಿ ಕಂಪನಿಗೆ ಮಾರಿತು. ಅಲ್ಲಿ ಒಂದು ಮಸೀದಿ ಕಟ್ಟಿಸಿ ಸಮುದಾಯಕ್ಕೆ ಕೊಡಬೇಕೆಂಬುದು ಕಂಪನಿಯ ದಿವಂಗತ ಮುಖ್ಯಸ್ಥರ ಆಸೆಯಾಗಿತ್ತು. ಗುಡಿ ಅಲ್ಲಿದ್ದ ಕಾರಣ ಕೆಲಸ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಕೊನೆಗೆ ಶಂಕುಸ್ಥಾಪನೆಯ ದಿನ ಗೊತ್ತಾದಾಗ ವಿಷಯ ಹೊರಬಿತ್ತು.

ಇದರಲ್ಲಿ ಹೆಚ್ಚಿನವರು ಗಮನಿಸದ ಒಂದು ಎಳೆ ಇದೆ. ನಗರಾಡಳಿತದ ಪ್ರಕಾರ ಗುಡಿ ಮೂಲತಃ ಪಕ್ಕದ ಇನ್ನೊಂದು ಬೀದಿಯಲ್ಲಿತ್ತು, 2008ರಲ್ಲಿ ಅದನ್ನು ಈ ಜಾಗಕ್ಕೆ ತಾತ್ಕಾಲಿಕವಾಗಿ ಸ್ಥಳಾಂತರಿಸಲಾಗಿತ್ತು. ಗುಡಿಗೆ ಅಲ್ಲಿ ಹಕ್ಕಿಲ್ಲ ಎಂಬುದಕ್ಕೆ ಈ ಸಂಗತಿಯನ್ನೇ ಪುರಾವೆಯಾಗಿ ಮುಂದಿಟ್ಟರು. ಆದರೆ ಅದನ್ನೇ ತಿರುಗಿಸಿಯೂ ಓದಬಹುದು. ಆಡಳಿತದ ಅರಿವಿನಲ್ಲೇ ಅಲ್ಲಿಗೆ ಬಂದು ಕುಳಿತ ಗುಡಿ, ಆರು ವರ್ಷದ ನಂತರ ಕಾಲಬುಡದ ನೆಲ ಮಾರಾಟವಾದಾಗ ಅಕ್ರಮವಾಯಿತು. ಗುಡಿ ಕದಲಲಿಲ್ಲ, ಬದಲಾದದ್ದು ನೆಲದ ಒಡೆತನ ಮಾತ್ರ. ಮಾರುವಾಗ ಗುಡಿಯ ಪಾಲಿನ ತುಂಡನ್ನು ಬೇರೆಯಾಗಿ ಉಳಿಸಿಕೊಳ್ಳುವುದು ಕಷ್ಟದ ಕೆಲಸವಾಗಿರಲಿಲ್ಲ. ಬದಲಿ ಜಾಗವಾಗಿ ಈಗ ಕೊಟ್ಟಿರುವುದು ಸುಮಾರು 4,000 ಚದರ ಅಡಿ, ನಮ್ಮ ನಗರಗಳ ಮಾತಿನಲ್ಲಿ ಹೇಳುವುದಾದರೆ ಮೂರೂ ಕಾಲು ಮೂವತ್ತು-ನಲವತ್ತು ಸೈಟುಗಳಷ್ಟು. ಅಷ್ಟು ಜಾಗಕ್ಕೆ ಮೊದಲೇ ಒಂದು ಹಕ್ಕುಪತ್ರ ಇದ್ದಿದ್ದರೆ ಪ್ರಧಾನಿಯ ತನಕ ಹೋಗುವ ಜಗಳವೇ ಹುಟ್ಟುತ್ತಿರಲಿಲ್ಲ.

ತೋಟದ ಗುಡಿ ನಗರದ ಗುಡಿಯಾದ ಬಗೆ

ಮಲೇಷ್ಯಾದ 2020ರ ಜನಗಣತಿಯ ಪ್ರಕಾರ ಅಲ್ಲಿನ ನಾಗರಿಕರಲ್ಲಿ ಮಲಯರು ಮತ್ತು ಇತರ ಮೂಲನಿವಾಸಿಗಳು ಶೇ 69.4, ಚೀನೀಯರು ಶೇ 23.2, ಭಾರತೀಯ ಮೂಲದವರು ಶೇ 6.7. ಈ ಭಾರತೀಯರಲ್ಲಿ ಬಹುಪಾಲು ತಮಿಳರು. ಬ್ರಿಟಿಷರ ಕಾಲದಲ್ಲಿ ಮೊದಲು ಕರಾರಿನ ಕೂಲಿಗಳಾಗಿ, 1910ರ ನಂತರ ಮುಖ್ಯವಾಗಿ ಕಂಗಾಣಿಗಳ ಮೂಲಕ, ಅವರ ಪೂರ್ವಜರು ರಬ್ಬರ್ ತೋಟಗಳಿಗೆ ಹೋದರು. ಊರಿಗೆ ಬಂದು ತನ್ನ ಕಡೆಯವರನ್ನೇ ಒಟ್ಟುಮಾಡಿ ಕರೆದೊಯ್ಯುವ ಮೇಸ್ತ್ರಿಯೇ ಕಂಗಾಣಿ. ಆ ಪದ್ಧತಿ 1938ರಲ್ಲಿ ನಿಂತಿತು.

ತೋಟ ಎಂದರೆ ಅಲ್ಲಿ ಬರೀ ದುಡಿಯುವ ಜಾಗವಲ್ಲ. ಸಾಲಾಗಿ ಕಟ್ಟಿದ ಲೈನ್ ಮನೆ, ಒಂದು ತಮಿಳು ಶಾಲೆ, ಒಂದು ಸೇಂದಿ ಅಂಗಡಿ, ಒಂದು ಮಾರಿಯಮ್ಮನ ಗುಡಿ, ತೋಟದ ಅಂಚಿನಲ್ಲಿ ಸ್ಮಶಾನ. ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ. ಗುಡಿ ಕಟ್ಟಲು ಬಿಳಿಯ ದೊರೆ ಬಾಯಿಮಾತಿನಲ್ಲಿ ಅನುಮತಿ ಕೊಡುತ್ತಿದ್ದ, ಎಷ್ಟೋ ಕಡೆ ಮರಮುಟ್ಟನ್ನೂ ಕೊಡುತ್ತಿದ್ದ. ಗುಡಿ ಇದ್ದರೆ ಕೂಲಿಗಳು ತೋಟ ಬಿಟ್ಟು ಓಡುವುದಿಲ್ಲ ಎಂಬ ಲೆಕ್ಕ ಅವನದು. ಆದರೆ ನೆಲ ಮಾತ್ರ ಕಂಪನಿಯ ಹೆಸರಿನಲ್ಲೇ ಇತ್ತು. ನಾಲ್ಕು ತಲೆಮಾರು ಬದುಕಿದ ಲೈನ್ ಮನೆಗೂ, ಶಾಲೆಗೂ, ಗುಡಿಗೂ, ಸಮಾಧಿಗೂ ಒಂದು ಚೂರು ಕಾಗದ ಇರಲಿಲ್ಲ.

1957ರಲ್ಲಿ ದೇಶ ಸ್ವತಂತ್ರವಾಯಿತು. ಬಿಳಿಯ ಮಾಲೀಕರು ತೋಟಗಳನ್ನು ತುಂಡು ಮಾಡಿ ಮಾರತೊಡಗಿದರು. ರಬ್ಬರಿನ ಜಾಗಕ್ಕೆ ತಾಳೆಎಣ್ಣೆ ಬಂತು, ಅದಕ್ಕೆ ಅಷ್ಟು ಕೈಗಳು ಬೇಕಿರಲಿಲ್ಲ. ಆಮೇಲೆ ಬಂದದ್ದು ನಗರ. ಕ್ವಾಲಾಲಂಪುರದ ಸುತ್ತಲಿನ ತೋಟಗಳು ಬಡಾವಣೆ, ಹೆದ್ದಾರಿ, ಗಾಲ್ಫ್ ಮೈದಾನಗಳಾದವು. ಇಂದಿನ ಸುಬಾಂಗ್ ಜಯ ಎಂಬ ಉಪನಗರ ಒಂದು ಕಾಲದ ಸೀಫೀಲ್ಡ್ ತೋಟ. ಆಡಳಿತ ರಾಜಧಾನಿ ಪುತ್ರಜಯ ಎದ್ದು ನಿಂತದ್ದು ಪ್ರಾಂಗ್ ಬೆಸಾರ್ ತೋಟ ಮತ್ತು ಅದರ ನೆರೆಯ ತೋಟಗಳ ಮೇಲೆ. ಲಕ್ಷಾಂತರ ಕೂಲಿಕಾರರು ಕೆಲಸದ ಜತೆಗೆ ಮನೆಯನ್ನೂ ಕಳೆದುಕೊಂಡು ನಗರದ ಅಂಚಿನ ಜೋಪಡಿಗಳಿಗೋ ಅಗ್ಗದ ಫ್ಲಾಟುಗಳಿಗೋ ಹೋದರು. ಗುಡಿಗಳು ಹೋಗಲಿಲ್ಲ. ಬಡಾವಣೆಯ ನಕ್ಷೆ ಬರೆದವರಿಗೆ ಅವು ಅಡ್ಡಿಯಾಗಿ ಕಂಡವು. ಹೊಸ ಮನೆ ಕೊಂಡು ಬಂದ ಮಲಯ ಅಥವಾ ಚೀನೀ ಕುಟುಂಬಕ್ಕೆ ರಸ್ತೆಬದಿಯ ಗುಡಿ ಯಾರೋ ಮೊನ್ನೆ ಕಟ್ಟಿದ ಒತ್ತುವರಿಯಂತೆ ಕಂಡಿತು. ತಾವು ವಾಸವಾಗಿರುವ ಬಡಾವಣೆಗಿಂತ ಗುಡಿಯೇ ಹಳೆಯದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಜೋಪಡಿಗಳಿಗೆ ಹೋದವರು ಅಲ್ಲೂ ಹೊಸ ಗುಡಿಗಳನ್ನು ಕಟ್ಟಿಕೊಂಡರು. ಇವಕ್ಕೂ ಹಳೆಯ ತೋಟದ ಗುಡಿಗಳಿಗೂ ಇತಿಹಾಸದಲ್ಲಿ ದೊಡ್ಡ ಅಂತರವಿದೆ, ಕಾನೂನಿನ ಕಣ್ಣಿನಲ್ಲಿ ಯಾವ ಅಂತರವೂ ಇಲ್ಲ. ಈಗಿನ ಗೊಂದಲದ ಅರ್ಧ ಪಾಲು ಇದರಿಂದ ಬಂದದ್ದು.

ಕಾನೂನು ಏನನ್ನುತ್ತದೆ

ಭಾರತದ ಓದುಗರು ತಪ್ಪು ತಿಳಿಯುವುದು ಹೆಚ್ಚಾಗಿ ಇಲ್ಲಿ. ನಮ್ಮ 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಖಾಸಗಿಯವರ ಜಮೀನನ್ನು ಒಬ್ಬರು ಬಹಿರಂಗವಾಗಿ, ಮಾಲೀಕನ ಹಕ್ಕಿಗೆ ವಿರುದ್ಧವಾಗಿ 12 ವರ್ಷ ಅನುಭವಿಸಿದರೆ ಮಾಲೀಕನ ಹಕ್ಕು ಕಳೆದುಹೋಗಬಹುದು. ಸರ್ಕಾರಿ ಜಮೀನಾದರೆ ಆ ಅವಧಿ 30 ವರ್ಷ. ಮೇಲಾಗಿ ಬಗರ್ ಹುಕುಂ ಸಾಗುವಳಿಯನ್ನು ಅರ್ಜಿ ಕರೆದು ಸಕ್ರಮ ಮಾಡುವ ದೀರ್ಘ ಪರಂಪರೆಯೇ ಕರ್ನಾಟಕದಲ್ಲಿದೆ. ‘ಇಷ್ಟು ವರ್ಷದಿಂದ ಇದ್ದೇವೆ’ ಎಂಬ ಮಾತಿಗೆ ನಮ್ಮಲ್ಲಿ ಕಾನೂನಿನ ಬೆಲೆಯೂ ಉಂಟು, ರಾಜಕೀಯದ ಬೆಲೆಯೂ ಉಂಟು.

ಮಲೇಷ್ಯಾದ 1965ರ ರಾಷ್ಟ್ರೀಯ ಭೂಸಂಹಿತೆಯಲ್ಲಿ ಆ ಮಾತಿಗೆ ಕಿವಿಯೇ ಇಲ್ಲ. ಅಲ್ಲಿ ನೋಂದಣಿಯ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. ಎಷ್ಟೇ ದೀರ್ಘಕಾಲ ಅನುಭವಿಸಿದರೂ ಖಾಸಗಿ ಮಾಲೀಕನ ವಿರುದ್ಧವಾಗಲಿ ಸರ್ಕಾರದ ವಿರುದ್ಧವಾಗಲಿ ಹಕ್ಕು ಹುಟ್ಟುವುದಿಲ್ಲ ಎಂದು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಪರವಾನಗಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಇರುವುದೇ ಅಪರಾಧ. ಸಿಗಬಹುದಾದದ್ದು ತಾತ್ಕಾಲಿಕ ಪರವಾನಗಿ. ಅದು ಆ ವರ್ಷದ ಕೊನೆಗೆ ಮುಗಿಯುತ್ತದೆ, ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕು. ಹೀಗಾಗಿ 130 ವರ್ಷದ ಗುಡಿಯೂ ಕಳೆದ ವಾರದ ಗುಡಿಯೂ ನ್ಯಾಯಾಲಯದಲ್ಲಿ ಒಂದೇ.

ಸಂವಿಧಾನ ಏನು ಹೇಳುತ್ತದೆ? ಮೂರನೆಯ ವಿಧಿಯಂತೆ ಇಸ್ಲಾಂ ಒಕ್ಕೂಟದ ಧರ್ಮ, ಆದರೆ ಉಳಿದ ಧರ್ಮಗಳನ್ನು ಶಾಂತಿ ಸಾಮರಸ್ಯದಿಂದ ಆಚರಿಸಬಹುದು. ಹನ್ನೊಂದನೆಯ ವಿಧಿ ಪ್ರತಿಯೊಂದು ಧಾರ್ಮಿಕ ಸಮುದಾಯಕ್ಕೂ ಆಸ್ತಿ ಹೊಂದುವ ಹಕ್ಕು ಕೊಡುತ್ತದೆ. ಹಕ್ಕು ಇದೆ, ನಿಜ. ಆದರೆ ಆಸ್ತಿ ಹೊಂದುವ ಹಕ್ಕಿಗೂ ಕೈಯಲ್ಲಿ ಆಸ್ತಿ ಇರುವುದಕ್ಕೂ ನಡುವೆ ಹಣ, ಸಂಘಟನೆ, ಕಚೇರಿಯ ಬಾಗಿಲು ತೆರೆಯಿಸುವ ಶಕ್ತಿ ಎಲ್ಲವೂ ಬೇಕು. ಮಸೀದಿಗಳ ಹಿಂದೆ ಪ್ರತಿ ರಾಜ್ಯದಲ್ಲೂ ಕಾನೂನಿನಿಂದ ಸ್ಥಾಪಿತವಾದ ಇಸ್ಲಾಮಿಕ್ ಧಾರ್ಮಿಕ ಮಂಡಳಿ ಇದೆ. ಗುಡಿಯ ಹಿಂದೆ ಇರುವುದು ಒಂದು ನೋಂದಾಯಿತ ಸಮಿತಿ, ಎಷ್ಟೋ ಕಡೆ ಒಂದು ಕುಟುಂಬ ಮಾತ್ರ. ಭೂಸಂಹಿತೆ ಯಾವ ಧರ್ಮದ ಹೆಸರನ್ನೂ ಎತ್ತುವುದಿಲ್ಲ. ಆದರೂ ಅದರ ಏಟು ಬೀಳುವುದು ಕಾಗದವಿಲ್ಲದವರ ಮೇಲೆ. ಕಾಗದವಿಲ್ಲದವರು ಯಾರು ಎಂಬುದನ್ನು ತೋಟದ ಚರಿತ್ರೆ ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಇನ್ನೊಂದು ತೊಡಕು: ಭೂಮಿ ರಾಜ್ಯಗಳ ವಿಷಯ, ಆದರೆ ಕ್ವಾಲಾಲಂಪುರ 1974ರಿಂದ ಕೇಂದ್ರಾಡಳಿತ ಪ್ರದೇಶ. ಸ್ಥಳೀಯ ಸಂಸ್ಥೆಗಳ ಚುನಾವಣೆ 1965ರಲ್ಲಿ ಅಮಾನತಾದದ್ದು ಮತ್ತೆ ನಡೆಯಲೇ ಇಲ್ಲ. ಮೇಯರ್ ನೇಮಕಗೊಂಡ ಅಧಿಕಾರಿ. ತನ್ನ ವಾರ್ಡಿನ ಗುಡಿಯ ಜಾಗ ಮಾರಾಟಕ್ಕಿದೆ ಎಂದು ಕೇಳಲು, ತಡೆಯಲು, ಕನಿಷ್ಠ ಪಕ್ಷ ಕೂಗಾಡಲು ಒಬ್ಬ ಕಾರ್ಪೊರೇಟರ್ ಕೂಡ ಇಲ್ಲ. ಆದ್ದರಿಂದ ವಿಷಯ ಹೊರಬರುವುದೇ ಬುಲ್ಡೋಜರ್ ಬರುವ ಹೊತ್ತಿಗೆ.

ಹಿಂದಿನ ಮೂರು ಸಿಡಿತಗಳು

2007ರ ಅಕ್ಟೋಬರ್ ಕೊನೆಯಲ್ಲಿ, ದೀಪಾವಳಿಗೆ ಕೆಲವೇ ದಿನ ಇರುವಾಗ, ಸೆಲಂಗೋರ್ ರಾಜ್ಯದ ರಾಜಧಾನಿ ಷಾ ಆಲಂ ಬಳಿಯ ಪಡಾಂಗ್ ಜಾವಾದಲ್ಲಿ ಒಂದು ಮಾರಿಯಮ್ಮನ ಗುಡಿಯನ್ನು ಕೆಡವಲಾಯಿತು. ಅದರ ಕಾವಿನಲ್ಲೇ ನವೆಂಬರ್ 25ರಂದು ಹಿಂಡ್ರಾಫ್ ಎಂಬ ಹಿಂದೂ ಹಕ್ಕುಗಳ ಸಂಘಟನೆಯ ಕರೆಗೆ ಸಾವಿರಾರು ಭಾರತೀಯರು ಕ್ವಾಲಾಲಂಪುರದ ಬೀದಿಗಿಳಿದರು. ಅಶ್ರುವಾಯು, ಜಲಫಿರಂಗಿ ಎಲ್ಲವೂ ನಡೆಯಿತು. 2008ರ ಮಾರ್ಚ್ ಚುನಾವಣೆಯಲ್ಲಿ ಅಲ್ಲಿಯವರೆಗೆ ಆಡಳಿತ ಕೂಟವನ್ನು ಕಣ್ಣುಮುಚ್ಚಿ ಬೆಂಬಲಿಸುತ್ತಿದ್ದ ಭಾರತೀಯರ ಮತ ಚದುರಿತು. ಆ ಕೂಟ ಸಂಸತ್ತಿನ ಮೂರನೆಯ ಎರಡರ ಬಹುಮತ ಕಳೆದುಕೊಂಡಿತು. ಭಾರತೀಯರ ಪಕ್ಷದ ದೀರ್ಘಕಾಲದ ನಾಯಕ ಸಾಮಿ ವೇಲು ಸ್ವಂತ ಕ್ಷೇತ್ರದಲ್ಲೇ ಸೋತರು. ಆ ಸೋಲಿಗೆ ಗುಡಿಯೊಂದೇ ಕಾರಣವಲ್ಲ. ಉದ್ಯೋಗ, ವಿಶ್ವವಿದ್ಯಾಲಯದ ಸೀಟು, ಪೌರತ್ವದ ಕಾಗದ ಇಂಥ ಹತ್ತು ನೋವುಗಳು ಒಂದು ಗುಡಿಯ ಸುತ್ತ ಬಂದು ಸೇರಿದವು ಅಷ್ಟೇ.

2009ರಲ್ಲಿ ಗಾಳಿ ಬೇರೆ ದಿಕ್ಕಿನಿಂದ ಬೀಸಿತು. ಷಾ ಆಲಮಿನ ಒಂದು ಗುಡಿಯನ್ನು ಪಕ್ಕದ ಬಡಾವಣೆಗೆ ಸ್ಥಳಾಂತರಿಸಲು ರಾಜ್ಯ ಸರ್ಕಾರ ಹೊರಟಾಗ, ಅಲ್ಲಿನ ಕೆಲವು ನಿವಾಸಿಗಳು ಕಡಿದ ಹಸುವಿನ ತಲೆ ಹಿಡಿದು ಮೆರವಣಿಗೆ ಮಾಡಿದರು. ಕೆಡವಿದರೆ ಒಬ್ಬರಿಗೆ ಕೋಪ, ಬದಲಿ ಜಾಗ ಕೊಟ್ಟರೆ ಇನ್ನೊಬ್ಬರಿಗೆ ಕೋಪ. ಯಾವ ರಾಜಕಾರಣಿಯೂ ಈ ಕೆಲಸಕ್ಕೆ ಮುಂಚಿತವಾಗಿ ಕೈಹಾಕದಿರುವುದಕ್ಕೆ ಇದೇ ಕಾರಣ.

2018ರದ್ದು ಎಲ್ಲಕ್ಕಿಂತ ದಾರುಣ. ಸುಬಾಂಗ್ ಜಯದ ಸೀಫೀಲ್ಡ್ ಮಾರಿಯಮ್ಮನ ಗುಡಿ ತೋಟದ ಕಾಲದ್ದು, ನೆಲ ಒಂದು ಅಭಿವೃದ್ಧಿ ಕಂಪನಿಯದು, ನ್ಯಾಯಾಲಯದಲ್ಲಿ ರಾಜಿಯ ತೀರ್ಪೂ ಆಗಿತ್ತು. ಆದರೆ ಗುಡಿಯ ಆಡಳಿತ ಯಾರದು ಎಂಬ ಬಗ್ಗೆ ಭಕ್ತರಲ್ಲೇ ಬಣಗಳಿದ್ದವು, ಎಲ್ಲರೂ ರಾಜಿಗೆ ಒಪ್ಪಿರಲಿಲ್ಲ. ನವೆಂಬರ್ ಕೊನೆಯ ಒಂದು ನಸುಕಿನಲ್ಲಿ ಗುಂಪೊಂದು ಗುಡಿಗೆ ನುಗ್ಗಿತು. ಅದರಲ್ಲಿ ಮಲಯರಿದ್ದರು ಎಂಬುದೇ ಸಾಕಾಯಿತು, ಜಮೀನಿನ ಜಗಳ ಕ್ಷಣಾರ್ಧದಲ್ಲಿ ಜನಾಂಗಗಳ ಜಗಳವಾಗಿ ಹಬ್ಬಿತು. ವಾಹನಗಳು ಉರಿದವು. ಬೆಂಕಿ ಆರಿಸಲು ಬಂದಿದ್ದ 24 ವರ್ಷದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಗಂಭೀರವಾಗಿ ಗಾಯಗೊಂಡು ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂದಿನಿಂದ ಗುಡಿ ವಿವಾದ ಎಂದರೆ ಮಲಯ ಸಮಾಜಕ್ಕೆ ಮೊದಲು ನೆನಪಾಗುವುದು ಆ ಯುವಕನ ಸಾವು. ಹಿಂದೂಗಳಿಗೆ ನೆನಪಾಗುವುದು 2007ರ ಬುಲ್ಡೋಜರ್. ಒಂದೇ ವಿಷಯಕ್ಕೆ ಎರಡು ಬೇರೆ ಗಾಯಗಳಿರುವ ಕಾರಣ ಮಾತುಕತೆ ಶುರುವಾಗುವ ಮೊದಲೇ ಹದಗೆಡುತ್ತದೆ.

ಯಾರ ವಾದ ಏನು

ಮಲಯ ಸಂಘಟನೆಗಳ ವಾದ ನೇರವಾದದ್ದು. ಕಾನೂನು ಎಲ್ಲರಿಗೂ ಒಂದೇ. ಅನುಮತಿ ಇಲ್ಲದ ಗುಡಿಗಳು ಬೇಕಾದಷ್ಟಿವೆ, ಒಂದಕ್ಕೆ ಬದಲಿ ಜಾಗ ಕೊಟ್ಟರೆ ಎಲ್ಲವೂ ಕೇಳುತ್ತವೆ. ಹಣ ಕೊಟ್ಟು ಕೊಂಡ ಜಾಗದಲ್ಲಿ ಏನು ಕಟ್ಟಬೇಕೆಂಬುದು ಮಾಲೀಕನ ಇಷ್ಟ. ಈ ವಾದವನ್ನು ಮತಾಂಧತೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಮರದ ಬುಡದಲ್ಲಿ ಒಂದು ತ್ರಿಶೂಲ ನೆಟ್ಟು, ನಾಲ್ಕು ವರ್ಷದಲ್ಲಿ ಗೋಪುರ ಎಬ್ಬಿಸಿದ ಉದಾಹರಣೆಗಳು ಇವೆ. ಪ್ರತಿ ಗಲ್ಲಿಗೂ ಒಂದು ಗುಡಿ ಬೇಡ, ಇರುವವನ್ನು ಒಟ್ಟುಗೂಡಿಸೋಣ ಎನ್ನುವ ದನಿ ಹಿಂದೂ ಸಮಾಜದ ಒಳಗೂ ಇದೆ.

ಹಿಂದೂ ಸಂಘಟನೆಗಳೂ ವಕೀಲರ ಗುಂಪುಗಳೂ ಹೇಳುವುದು ಬೇರೆ. ತೋಟದ ಗುಡಿಗೆ ಕಾಗದ ಇಲ್ಲದಿರುವುದು ಕೂಲಿಯ ತಪ್ಪಲ್ಲ, ಆಗ ಕಾಗದ ಕೊಡುವವರೇ ಇರಲಿಲ್ಲ. ತೋಟವನ್ನು ಬಡಾವಣೆಯಾಗಿ ಪರಿವರ್ತಿಸಲು ಅನುಮತಿ ಕೊಟ್ಟ ಸರ್ಕಾರ ಅದೇ ಹೊತ್ತಿಗೆ ಗುಡಿಯ ಜಾಗವನ್ನು ಬೇರ್ಪಡಿಸಿ ಕೊಡಬಹುದಿತ್ತು. ಆಗ ಸುಮ್ಮನಿದ್ದು ಈಗ ಅಕ್ರಮ ಎನ್ನುವುದು ಯಾವ ನ್ಯಾಯ? ನನಗೆ ಈ ವಾದದ ತೂಕ ಹೆಚ್ಚೆನಿಸುತ್ತದೆ, ಆದರೆ ತೋಟದ ಗುಡಿಗಳ ಮಟ್ಟಿಗೆ ಮಾತ್ರ. ಹಳೆಯದಕ್ಕೆ ಸಲ್ಲುವ ನ್ಯಾಯವನ್ನು ನಿನ್ನೆ ಮೊನ್ನೆಯದಕ್ಕೂ ಎಳೆದು ಹೊದಿಸಲು ಹೋದಾಗ ಅದರ ಬಲ ಕುಂದುತ್ತದೆ.

ಮೂರನೆಯ ಪಕ್ಷ ಸರ್ಕಾರ. 2022ರ ನವೆಂಬರ್ ಚುನಾವಣೆಯಲ್ಲಿ ಇಸ್ಲಾಮಿಕ್ ಪಕ್ಷವಾದ ಪಾಸ್ ಸಂಸತ್ತಿನ ಅತಿದೊಡ್ಡ ಪಕ್ಷವಾಯಿತು. ಅನ್ವರ್ ಅವರ ಮೈತ್ರಿಕೂಟಕ್ಕೆ ಚೀನೀ ಮತ್ತು ಭಾರತೀಯ ಮತಗಳು ಗಟ್ಟಿ, ಮಲಯ ಮತಗಳು ಸಡಿಲ. ಮಸೀದಿಯ ಶಂಕುಸ್ಥಾಪನೆಗೆ ಹೋಗದಿದ್ದರೆ ಒಂದು ಕಡೆ ನಷ್ಟ, ಗುಡಿಯನ್ನು ಬರಿಗೈಯಲ್ಲಿ ಎಬ್ಬಿಸಿದರೆ ಇನ್ನೊಂದು ಕಡೆ ನಷ್ಟ. ಬದಲಿ ಜಾಗ, ಅದನ್ನು ಪೂಜಾಸ್ಥಳವೆಂದು ಗೆಜೆಟ್‌ನಲ್ಲಿ ಪ್ರಕಟಿಸುವ ಭರವಸೆ, ಕಂಪನಿಯ ಖರ್ಚು ಎಂಬ ಸೂತ್ರ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ನಮ್ಮಲ್ಲಿಯೂ ಇದೇ ಕಗ್ಗಂಟು

ಇದನ್ನು ಪರದೇಶದ ಮತೀಯ ಜಗಳವಾಗಿ ಮಾತ್ರ ನೋಡುವವರು 2021ರ ಸೆಪ್ಟೆಂಬರ್ ಅನ್ನು ನೆನಪಿಸಿಕೊಳ್ಳಬೇಕು. ಸಾರ್ವಜನಿಕ ಜಾಗಗಳಲ್ಲಿನ ಅನಧಿಕೃತ ಧಾರ್ಮಿಕ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ 2009ರಲ್ಲಿ ಕೊಟ್ಟ ಆದೇಶದ ಹೆಸರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿ ಮಹದೇವಮ್ಮ ದೇವಸ್ಥಾನವನ್ನು ಅಧಿಕಾರಿಗಳು ಕೆಡವಿದರು. ಆಗ ಆಳುತ್ತಿದ್ದುದು ಹಿಂದುತ್ವದ ಪಕ್ಷವೇ. ಜನ ಸಿಡಿದೆದ್ದ ಮೇಲೆ ಅದೇ ತಿಂಗಳು ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ವಿಧಾನಮಂಡಲದ ಮುಂದೆ ಬಂತು, ಅಸ್ತಿತ್ವದಲ್ಲಿರುವ ಕಟ್ಟಡಗಳಿಗೆ ರಕ್ಷಣೆ ಸಿಕ್ಕಿತು.

ಗುಡಿ ಹಳೆಯದು, ದಾಖಲೆ ಇಲ್ಲ, ರಸ್ತೆಯೋ ಬಡಾವಣೆಯೋ ಆಮೇಲೆ ಬಂತು. ಸನ್ನಿವೇಶ ಎರಡೂ ಕಡೆ ಒಂದೇ. ಆದರೆ ಬಹುಸಂಖ್ಯಾತರ ಗುಡಿಯಾದರೆ ಎರಡೇ ವಾರದಲ್ಲಿ ಕಾನೂನನ್ನೇ ಬದಲಿಸಿಕೊಳ್ಳಬಹುದು. ಶೇ 6.7ರಷ್ಟಿರುವ ಸಮುದಾಯ ಮಂತ್ರಿಯ ಕೃಪೆಗೆ ಕಾಯಬೇಕು. ಮಲೇಷ್ಯಾದ ಹಿಂದೂಗಳ ಅಸಹಾಯಕತೆಗೆ ಮರುಗುವವರು ಇದೇ ಅಳತೆಗೋಲನ್ನು ನಮ್ಮ ಊರಿನ ಅಲ್ಪಸಂಖ್ಯಾತರ ಪ್ರಾರ್ಥನಾ ಸ್ಥಳಗಳಿಗೂ ಹಿಡಿದು ನೋಡಬಹುದು.

ಮುಂದೇನಾಗಬಹುದು

2025ರ ಸೂತ್ರ ಆ ಗುಡಿಯ ಮಟ್ಟಿಗೆ ಒಳ್ಳೆಯದೇ. ಮೊದಲ ಬಾರಿಗೆ ಅದಕ್ಕೆ ತನ್ನದೆನ್ನಬಹುದಾದ ನೆಲದ ಭರವಸೆ ಸಿಕ್ಕಿತು. ಅಪಾಯ ಇರುವುದು ಅದು ರೂಢಿಯಾದರೆ. ರಾಜಧಾನಿಯ ನಡುಬೀದಿಯಲ್ಲಿದ್ದು, ಪತ್ರಿಕೆಗಳಲ್ಲಿ ಸುದ್ದಿಯಾಗಿ, ಮಾಲೀಕನೂ ಧಾರಾಳಿಯಾಗಿದ್ದರಿಂದ ಇದು ಸಾಧ್ಯವಾಯಿತು. ಸೆಲಂಗೋರ್, ಪೆರಾಕ್, ಕೆಡಾ ರಾಜ್ಯಗಳ ಒಳನಾಡಿನ ತಾಳೆ ತೋಟಗಳಲ್ಲಿರುವ ಗುಡಿಗಳಿಗೆ ಈ ಮೂರೂ ಭಾಗ್ಯಗಳಿಲ್ಲ. ಅಷ್ಟೇ ಅಲ್ಲ, ಗದ್ದಲ ಮಾಡಿದರೆ ಜಾಗ ಸಿಗುತ್ತದೆ ಎಂಬ ಪಾಠವನ್ನು ಸಮಿತಿಗಳು ಕಲಿಯುತ್ತವೆ. ಗುಡಿ ಇರುವ ಜಮೀನು ಕೊಂಡರೆ ಕೈ ಸುಡುತ್ತದೆ ಎಂಬ ಪಾಠವನ್ನು ಕೊಳ್ಳುವವರು ಕಲಿಯುತ್ತಾರೆ. ಮಾರುವವರು ವ್ಯವಹಾರಕ್ಕೆ ಮೊದಲೇ ಸದ್ದಿಲ್ಲದೆ ಗುಡಿಯನ್ನು ಎಬ್ಬಿಸಲು ನೋಡುತ್ತಾರೆ.

ಮಾಡಬೇಕಾದ ಕೆಲಸ ಬೇಸರ ಹುಟ್ಟಿಸುವಷ್ಟು ಸರಳ. ಪ್ರತಿ ರಾಜ್ಯವೂ ತನ್ನಲ್ಲಿರುವ ಗುಡಿಗಳ ಪಟ್ಟಿ ಮಾಡಬೇಕು. ತೋಟದ ಕಾಲದವನ್ನು, ಸ್ವಾತಂತ್ರ್ಯಾನಂತರದವನ್ನು, ತೀರ ಈಚಿನವನ್ನು ಬೇರ್ಪಡಿಸಬೇಕು. ಮೊದಲ ಗುಂಪಿಗೆ ಇದ್ದಲ್ಲೇ ಹಕ್ಕು, ಎರಡನೆಯದಕ್ಕೆ ಒಂದೆಡೆ ಸೇರಿಸಿ ಜಾಗ, ಮೂರನೆಯದಕ್ಕೆ ಕಾನೂನು. ತೋಟವನ್ನು ಬಡಾವಣೆಯಾಗಿ ಬದಲಿಸಲು ಅನುಮತಿ ಕೇಳಿದಾಗಲೇ ಗುಡಿ, ಶಾಲೆ, ಸ್ಮಶಾನಗಳ ತುಂಡನ್ನು ಬೇರೆ ಮಾಡಿ ನೋಂದಾಯಿಸಬೇಕೆಂಬ ಷರತ್ತು ಹಾಕಿದರೆ ಮುಂದಿನ ಜಗಳಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಇದರಲ್ಲಿ ಅಸಾಧ್ಯವಾದದ್ದು ಯಾವುದೂ ಇಲ್ಲ. ಪೆನಾಂಗ್ ರಾಜ್ಯದಲ್ಲಿ ಬ್ರಿಟಿಷರ ಕಾಲದಿಂದಲೂ ಹಿಂದೂ ದತ್ತಿ ಮಂಡಳಿ ಕಾನೂನುಬದ್ಧವಾಗಿ ನಡೆದುಬಂದಿದೆ. ಸೆಲಂಗೋರ್ ರಾಜ್ಯವೂ ಇಸ್ಲಾಮೇತರ ಧರ್ಮಗಳ ವಿಷಯಕ್ಕೆಂದೇ ಒಂದು ಸಮಿತಿ ಇಟ್ಟುಕೊಂಡಿದೆ. ಆದರೆ ಪಟ್ಟಿ ಮಾಡಿದ ದಿನ ಯಾವ ಗುಡಿ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಬರವಣಿಗೆಯಲ್ಲಿ ಹೇಳಬೇಕಾಗುತ್ತದೆ. ಹೇಳಿದವರು ಎರಡೂ ಕಡೆ ಮತ ಕಳೆದುಕೊಳ್ಳುತ್ತಾರೆ.

ಗುಡಿಗಾದರೂ ಗದ್ದಲ ಎಬ್ಬಿಸುವ ಶಕ್ತಿ ಇದೆ. ದೇಶದಲ್ಲಿರುವ ಐನೂರಕ್ಕೂ ಹೆಚ್ಚು ತಮಿಳು ಶಾಲೆಗಳಲ್ಲಿ ಅನೇಕವು ಇನ್ನೂ ತೋಟದ ಕಂಪನಿಗಳ ಜಾಗದಲ್ಲಿವೆ. ನೆಲ ಖಾಸಗಿಯವರದ್ದಾದ ಕಾರಣ ಸರ್ಕಾರದ ಪೂರ್ಣ ಅನುದಾನಕ್ಕೂ ಅವು ಪರದಾಡಬೇಕು. ಸುತ್ತಲಿನ ಲೈನ್ ಮನೆಗಳು ಖಾಲಿಯಾಗಿ ಮಕ್ಕಳ ಸಂಖ್ಯೆ ಹತ್ತಿಪ್ಪತ್ತಕ್ಕೆ ಇಳಿದಿರುವ ಶಾಲೆಗಳೂ ಇವೆ. ಆ ತೋಟಗಳು ಮಾರಾಟವಾಗುವ ಹೊತ್ತಿಗೆ ಶಾಲೆಯ ಪರವಾಗಿ ಬೀದಿಗಿಳಿಯಲು ಪೋಷಕರೇ ಉಳಿದಿರುವುದಿಲ್ಲ.